ಕಡೆಯ ಮೊಳೆಗೆ ಹ್ಯಾರಪ್ ತಟ್ಟೆ

ಹ್ಯಾರಪ್ ಕಾರ್ಖಾನೆಯ ತಟ್ಟೆಗಳು ಎಷ್ಟು ತೆಳ್ಳಗಿದ್ದವೆಂದರೆ, ಸೂಪು ಬಡಿಸುವ ತನಕ ಇಬ್ಬರು ಎರಡೂ ಕಡೆಯಿಂದ ಅವನ್ನು ಒತ್ತಿ ಹಿಡಿದುಕೊಂಡಿರಬೇಕಾಗಿತ್ತು. ಕೈ ಬಿಟ್ಟರೆ ಮೇಜಿನಿಂದ ಮೇಲೆದ್ದು ಹೊರಟೇಬಿಡುತ್ತಿದ್ದವು. ಒಂದು ಸಲ ಹಾಗೆಯೇ ಒಂದು ತಟ್ಟೆ ಕಾರ್ಖಾನೆಯ ಕಿಟಕಿಯಿಂದ ಹಾರಿ, ಚರ್ಚಿನ ಗೋಪುರಕ್ಕೆ ಎರಡು ಸುತ್ತು ಹಾಕಿ, ಗಾಳಿ ಹಿಡಿದು ಸೀದಾ ವೇಲ್ಸ್ ಸೇರಿತು. ಮುಂದಿನ ವಸಂತದಲ್ಲಿ ಅಲ್ಲಿನ ಕುರಿ ಕಾಯುವವನೊಬ್ಬ ಅದನ್ನು ಓಕ್ ಮರದ ತುದಿಯಲ್ಲಿ ಕಂಡ. ಒಳಗೆ ಗುಬ್ಬಿಯ ಮೊಟ್ಟೆಗಳು. ತಟ್ಟೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.

“ಮೊಟ್ಟೆ ಬೆಂದಿದ್ವಾ, ಹಸಿನಾ?” ರೆಜ್ ಶೆರಟ್ ಕೇಳಿದ.

“ತಮಾಷೆ ಸಾಕು ಕಣೋ,” ಎಂದ ಕ್ಲೆಮ್ ಪಾಡ್‌ಮೋರ್, ಒಂದಿಷ್ಟೂ ನಗದೆ. “ಆ ಕುರಿಯೋನು ಖುದ್ದಾಗಿ ಬಂದು ತಟ್ಟೆ ವಾಪಸ್ ಕೊಟ್ಟು ಹೋದ. ಮರಿಗಳಿಗೆ ರೆಕ್ಕೆ ಬಲಿಯೋವರ್ಗೂ ಕಾದಿದ್ದನಂತೆ, ಪಾಪ. ಅಂಥಾ ಮರ್ಯಾದಸ್ಥ.”

ಪಿಂಗಾಣಿ ಕಾರ್ಖಾನೆಗಳಿಗೆ ಹೆಸರಾದ ಬರ್ಸ್ಲಮ್ಮಿನಲ್ಲಿ, ಡಾಟ್ ಮೇಚಿನ್‌ಳ ಓಟ್‌ಕೇಕ್ ಅಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಇಂಥ ಮಾತು ನಡೆಯದಿದ್ದರೆ ಕಾವಲಿ ಕಾಯುವುದೇ ಇಲ್ಲವೇನೋ. ಡಾಟ್ ಓಟ್ಸ್ ಹಿಟ್ಟಿನ ಸಂಪಣವನ್ನು ಸೌಟಿನಲ್ಲಿ ಹುಯ್ದು, ದೋಸೆಯ ಹಾಗೆ ಹರಡಿ, ಮಗುಚಿ, ಒಳಗೆ ಹಂದಿಮಾಂಸದ ಬೇಕನ್ ಚೂರನ್ನೂ ಚೀಸನ್ನೂ ಇಟ್ಟು ಮಡಚಿ ಕೊಡುವಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಮೂವರು ಮುದುಕರು ತಿನ್ನುವುದಕ್ಕೆ ಒಂದು ಗಂಟೆ, ಊರನ್ನು ಮತ್ತೆ ಕಟ್ಟುವುದಕ್ಕೆ ಎರಡು ಗಂಟೆ ತೆಗೆದುಕೊಳ್ಳುವರು. ಅವರು ಕಟ್ಟುವ ಊರಿನಲ್ಲಿ ಮುಚ್ಚಿದ ಕಾರ್ಖಾನೆಗಳೆಲ್ಲ ತೆರೆದಿರುತ್ತವೆ, ವಿಲ್ಮಟ್ಟನ ಟೋಪಿ ಅಂಗಡಿಯ ಮುಂದೆ ಹೆಂಗಸರ ಸಾಲು ಇರುತ್ತದೆ, ಮಾಂಸದ ಕಡುಬಿನಂಥ ಪೈ ಮಾರುವ ಲವಟ್ಟನ ಅಂಗಡಿಯ ಬಾಗಿಲಲ್ಲಿ ಗ್ರೇವಿಯ ವಾಸನೆ ದಾರಿಹೋಕರ ಕೊರಳಪಟ್ಟಿ ಹಿಡಿದು ಒಳಗೆ ಎಳೆಯುತ್ತದೆ.

ರೆಜ್ ಹಿಂದೆ ಪಿಂಗಾಣಿ ಸುಡುವ ಆವಿಗೆಯಲ್ಲಿ ಪಾತ್ರೆ ಜೋಡಿಸುತ್ತಿದ್ದವನು. ಮಣ್ಣಿನ ದೊಡ್ಡ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತೂ ಹೊತ್ತೂ ಅವನ ನೆತ್ತಿ ಚಪ್ಪಟೆಯಾಗಿದೆ, ಅದರ ಮೇಲೆ ಟೀ ಕಪ್ಪಿಟ್ಟರೆ ಅಲುಗುವುದಿಲ್ಲ. ಇದು ಕ್ಲೆಮ್ ಹೇಳುವುದು. ಐವಿ ಕಾರ್ಟ್‌ಲಿಜ್ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದವಳು. ಎಂಬತ್ತು ದಾಟಿದರೂ ಅವಳ ಕೈ ನಡುಗುವುದಿಲ್ಲ. ಅವಳು ರೊಟ್ಟಿಗೆ ಬೆಣ್ಣೆ ಸವರಿದರೂ ಅಂಚು ನೆಟ್ಟಗಿರುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ.

ಕ್ಲೆಮ್ ಹ್ಯಾರಪ್ಪಿನವನು. ಹ್ಯಾರಪ್ ಅಂಡ್ ಸನ್ಸ್, ಕಾಲುವೆಯ ದಂಡೆ. ಅವನ ಪ್ರಕಾರ ಅದರ ಆವಿಗೆಯ ಕೊಳವೆ ಎಷ್ಟು ಎತ್ತರವಿತ್ತೆಂದರೆ ಮೋಡಗಳು ಅಲ್ಲಿಗೆ ಬಂದು ಎಡಕ್ಕೋ ಬಲಕ್ಕೋ ಎಂದು ಯೋಚಿಸುತ್ತ ನಿಲ್ಲುತ್ತಿದ್ದವು. ಅದರ ಹೊಗೆಯೋ, ಊಟಕ್ಕೆ ಹೋಗುವವರು ಅದಕ್ಕೇ ಕೋಟು ತಗುಲಿಹಾಕಿ, ತಿರುಗಿ ಬರುವಾಗ ಎತ್ತಿಕೊಳ್ಳುತ್ತಿದ್ದರು. ಅಂಥ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಜಮಖಾನೆ ಮಾರುವ ಒಂದು ಗೋದಾಮು, ಅದರ ಮುಂದೆ ಕಾರು ನಿಲ್ಲಿಸುವ ಬಯಲು. ಜಮಖಾನೆ ಕೊಳ್ಳಲು ಬಂದವರನ್ನು ಕ್ಲೆಮ್ ಒಂದು ಸಲ ಕೇಳಿದ್ದ, ಇಲ್ಲಿ ಮುಂಚೆ ಏನಿತ್ತು ಗೊತ್ತಾ ಎಂದು. “ಇನ್ನೊಂದು ಜಮಖಾನೆ ಅಂಗಡಿನಾ?” ಎಂದಿದ್ದರು.

ಅಂಗಡಿಯ ಉದ್ದನೆಯ ಗೋಡೆಯ ತುಂಬ ತಟ್ಟೆಗಳು ನೇತಾಡುತ್ತಿದ್ದವು. ಮುಚ್ಚಿಹೋದ ಒಂದೊಂದು ಕಾರ್ಖಾನೆಗೂ ಒಂದೊಂದು ಮೊಳೆ. ಬೇರೆ ಊರಿನವರು ಒಳಗೆ ಬಂದರೆ ಅಂಗಡಿಯವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕು; ಯಾಕೆಂದರೆ ಅವೆಲ್ಲ ಬೆನ್ನು ತೋರಿಸಿ ನೇತಾಡುತ್ತಿದ್ದವು. ಗುಲಾಬಿ, ಹಕ್ಕಿ, ಚಿನ್ನದ ಬಳ್ಳಿ ಎಲ್ಲ ಗೋಡೆಯ ಕಡೆಗೆ. ಈಚೆ ಕಡೆ ಬರೀ ಬಿಳುಪು, ನಡುವೆ ಕಾರ್ಖಾನೆಯ ಮುದ್ರೆ. ಹಾಗೆ ತೂಗುಹಾಕಿಸಿದವಳು ಜೀವನವಿಡೀ ಮುಂಭಾಗದಲ್ಲಿ ಚಿನ್ನ ಬಳಿದ ಐವಿಯೇ. “ಹೂವು ಎಲ್ಲಾ ಕಡೆ ಅರಳುತ್ತೆ,” ಎನ್ನುವಳು. “ಯಾರ ಮನೆ ಮಗು ಅನ್ನೋದು ಹಿಂದುಗಡೆ ತಾನೇ ಇರೋದು?”

ಈ ಊರಿನವರ ಚಟವೇ ಅದು. ಎಲ್ಲಿ ಹೋದರೂ ತಟ್ಟೆ ಮಗುಚಿ ನೋಡಬೇಕು, ನಮ್ಮೂರಿನದೋ ಅಲ್ಲವೋ ಎಂದು. ರೆಜ್ ತನ್ನ ಮೊಮ್ಮಗಳ ಮದುವೆಗೆಂದು ಚೆಸ್ಟರಿನ ದೊಡ್ಡ ಹೋಟೆಲಿಗೆ ಹೋಗಿದ್ದಾಗ, ಬಡಿಸಿಯಾಗಿದೆ ಎಂಬುದನ್ನೇ ಮರೆತು ತಟ್ಟೆ ಎತ್ತಿ ತಳ ನೋಡಿದ್ದ. ಕುರಿಮಾಂಸವೂ ಗ್ರೇವಿಯೂ ಪಕ್ಕದಲ್ಲಿದ್ದ ಮದುಮಗನ ತಾಯಿಯ ನೀಲಿ ರೇಷ್ಮೆಯ ಮಡಿಲಿಗೆ ಇಳಿದವು. ರೆಜ್ ಕ್ಷಮೆ ಕೇಳಲಿಲ್ಲ. “ಹೊರಗಿನ ಮಾಲು!” ಎಂದು ಕೂಗಿದ. ಆ ಮೇಜಿನಲ್ಲಿದ್ದ ಬರ್ಸ್ಲಮ್ಮಿನವರೆಲ್ಲ ಮೊದಲು ತಮ್ಮ ತಮ್ಮ ತಟ್ಟೆ ಎತ್ತಿ ನೋಡಿದರು. ಆಮೇಲೆ ಆಕೆಯ ಚೀರಾಟ ಕೇಳಿ ಕರವಸ್ತ್ರ ಹುಡುಕಿದರು.

ಅವತ್ತು, ಕ್ಲೆಮ್ ತಟ್ಟೆಯನ್ನು ವೇಲ್ಸಿಗೆ ಹಾರಿಸಿದ ಕಥೆ ಹೇಳಿದ ಆ ಶನಿವಾರ, ಡಾಟ್ ಕೈ ಒರೆಸಿಕೊಂಡು ಗೋಡೆಯ ಮುಂದೆ ನಿಂತಳು.

“ನೋಡ್ರಪ್ಪಾ, ಗೋಡೆ ತುಂಬ್ತು. ಇದೊಂದೇ ಮೊಳೆ ಉಳಿದಿರೋದು. ಬರೋ ಶನಿವಾರ ಯಾರ್ದು ಅಂತ ತೀರ್ಮಾನ ಆಗ್ಲಿ.”

“ಲವಟ್ಟಂದು,” ಎಂದ ರೆಜ್. “ಅವನ ಪೈ ಬಟ್ಟಲು ನನ್ ಹತ್ರ ಇದೆ. ಹೆಸರೂ ಇದೆ ಅದರ ಮೇಲೆ.”

“ಲವಟ್ ಬಟ್ಟಲು ಮಾಡ್ಲಿಲ್ಲ, ಪೈ ಮಾಡ್ದ,” ಎಂದಳು ಐವಿ. “ನನ್ ನಿಯಮ ಗೊತ್ತಲ್ಲ? ಆ ಕಾರ್ಖಾನೆಲೇ ಮಾಡಿದ್ದಾಗಿರ್ಬೇಕು, ಅದರ ಹೆಸರು ಅದರ ಮೇಲೇ ಇರ್ಬೇಕು. ಬೇರೆ ಯಾವ್ದೂ ಸಿಗದಿದ್ರೆ ಮಾತ್ರ ಪೈ.”

“ಹ್ಯಾರಪ್ ಇದೆಯಲ್ಲ!” ಕ್ಲೆಮ್‌ನ ದನಿ ಏರಿತು. “ಇಷ್ಟು ವರ್ಷದಿಂದ ಹೇಳ್ತಾ ಬಂದಿದೀನಿ.”

“ಹೇಳ್ತಾ ಬಂದಿದೀಯ, ಸರಿ. ತಂದಿಲ್ವಲ್ಲ ಬಾತೂ.” ಮೇಯರನ್ನೂ ಬಾತು, ಪಾದ್ರಿಯನ್ನೂ ಪ್ರೀತಿಯಿಂದ ಬಾತು ಎಂದೇ ಕರೆಯುವ ಊರು ಅದು, ಆದರೂ ರೆಜ್ ಹಾಗೆಂದಾಗ ಅದಕ್ಕೆ ಕೊಕ್ಕು ಬಂದಿರುತ್ತದೆ. “ನಾನೂ ಎಪ್ಪತ್ತು ವರ್ಷದಿಂದ ತಟ್ಟೆ ಮಗುಚ್ತಿದೀನಿ. ಹ್ಯಾರಪ್ ತಟ್ಟೆ ಅನ್ನೋದನ್ನ ಕಂಡೇ ಇಲ್ಲ. ಎಲ್ಲಾ ವೇಲ್ಸಿಗೆ ಹಾರಿಹೋದ್ವಾ?”

“ಮನೇಲಿ ಪೂರಾ ಸೆಟ್ ಇದೆ ಕಣೋ! ಹನ್ನೆರಡು ಜನಕ್ಕೆ ಆಗೋ ಅಷ್ಟು! ಬರೋ ಶನಿವಾರ ತರ್ತೀನಿ, ಬೇಕಾದ್ರೆ ನಿನ್ ಚಪ್ಪಟೆ ತಲೆ ಮೇಲೇ ಇಟ್ಟು ತೋರಿಸ್ತೀನಿ.”

“ತಗೊಂಡ್ ಬಾ ಕ್ಲೆಮ್,” ಎಂದಳು ಐವಿ. “ಹ್ಯಾರಪ್ ಗೋಡೆ ಮೇಲೆ ಇರ್ಬೇಕು ಅಂತ ನನಗೂ ಆಸೆ.”

ದಾರಿಯುದ್ದಕ್ಕೂ ಕ್ಲೆಮ್‌ಗೆ ಆ ಮಾತೇ ಕಿವಿಯಲ್ಲಿ. ಯಾಕೆಂದರೆ ಅವನ ಮನೆಯಲ್ಲಿ ಹ್ಯಾರಪ್ ಸೆಟ್ಟು ಇರಲಿಲ್ಲ. ಒಂದು ತಟ್ಟೆಯೂ ಇರಲಿಲ್ಲ. ಪ್ರಪಂಚದ ಯಾವ ಮನೆಯಲ್ಲೂ ಇರಲು ಸಾಧ್ಯವಿರಲಿಲ್ಲ. ಹ್ಯಾರಪ್ ಕಾರ್ಖಾನೆ ತನ್ನ ಜನ್ಮದಲ್ಲಿ ಒಂದೇ ಒಂದು ತಟ್ಟೆ ಮಾಡಿರಲಿಲ್ಲ. ಮತ್ತೇನು ಮಾಡುತ್ತಿತ್ತು ಎಂಬುದನ್ನು ಅವನು ತನಗೆ ತಾನೇ ಹೇಳಿಕೊಳ್ಳುವುದನ್ನೂ ಬಿಟ್ಟಿದ್ದ. ಅದನ್ನು ಅವನ ಬಾಯಿಂದಲೇ ಕೇಳುವುದು ಒಳ್ಳೆಯದು.

ಆದರೆ ಕಾರ್ಖಾನೆ ಇದ್ದದ್ದು ಸುಳ್ಳಲ್ಲ. ಅಲ್ಲಿ ಅವನು ಹದಿನೈದನೇ ವಯಸ್ಸಿಗೆ ಸೇರಿ ತಲೆ ನರೆಯುವವರೆಗೆ ದುಡಿದದ್ದೂ ಸುಳ್ಳಲ್ಲ. ಎಡಗೈಯ ವಾಲ್ಟ್, ಶಿಳ್ಳೆಯಲ್ಲೇ ಮಾತಾಡುತ್ತಿದ್ದ ಹೊರೇಸ್, ದಿನಾ ಮಧ್ಯಾಹ್ನ ಒಂದೇ ಈರುಳ್ಳಿಯನ್ನು ಆರು ಜನಕ್ಕೆ ಹಂಚುತ್ತಿದ್ದ ಮೇಸ್ತ್ರಿ ಬೂತ್ರಾಯ್ಡ್. ಯಾರೂ ಉಳಿದಿಲ್ಲ. ಆ ಮೊಳೆಗೆ ಲವಟ್ಟನ ಪೈ ಬಟ್ಟಲು ಬಿದ್ದರೆ ಅವರೆಲ್ಲ ಜಮಖಾನೆಯ ಅಡಿಗೆ ಹೋದ ಹಾಗೆಯೇ. ತಾನೂ.

ಹಾಗಾಗಿ ಕ್ಲೆಮ್ ಮಾಡಬಾರದ ಕೆಲಸಕ್ಕೆ ಕೈ ಹಾಕಿದ. ಹಳೆ ಸಾಮಾನಿನ ಅಂಗಡಿಯಲ್ಲಿ ಮುದ್ರೆಯಿಲ್ಲದ ಒಂದು ಬಿಳಿ ತಟ್ಟೆ ಹುಡುಕಿದ. ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿ, ಸಣ್ಣ ಕುಂಚ ಹಿಡಿದು, ಕಂದು ಬಣ್ಣದಲ್ಲಿ ‘ಹ್ಯಾರಪ್ ಅಂಡ್ ಸನ್ಸ್, ಬರ್ಸ್ಲಮ್’ ಎಂದು ಬರೆದ. ಅಷ್ಟಕ್ಕೆ ಬಿಟ್ಟಿದ್ದರೆ ಅವನು ಕ್ಲೆಮ್ ಹೇಗಾದಾನು? ಮೇಲೆ ಒಂದು ಕಿರೀಟ ಇಟ್ಟ. ಕಿರೀಟದ ಕೆಳಗೆ ಸಿಂಹ. ಸಿಂಹ ಸ್ವಲ್ಪ ಕುರಿಯ ಹಾಗೆ ಬಂತು; ಬಾಲ ಉದ್ದ ಮಾಡಿ ಸರಿಪಡಿಸಿದ.

ಇನ್ನು ಸುಡಬೇಕು. ಸುಡದ ಮುದ್ರೆ ಮುದ್ರೆಯೇ ಅಲ್ಲ ಎಂಬುದು ಈ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಒಂದು ಕಾಲಕ್ಕೆ ಮನೆ ಬಾಗಿಲು ತೆರೆದರೆ ಎದುರಿಗೆ ಸೀಸೆಯ ಆಕಾರದ ಒಂದು ಆವಿಗೆ, ಹಿತ್ತಿಲ ಬಾಗಿಲು ತೆರೆದರೆ ಮತ್ತೊಂದು. ಅಂಥ ಊರಿನಲ್ಲಿ ಅವನಿಗೆ ಒಂದು ತಟ್ಟೆ ಸುಡಲು ಜಾಗವಿಲ್ಲ. ಕಾಲೇಜಿನಲ್ಲಿ ಒಂದು ವಿದ್ಯುತ್ ಆವಿಗೆಯೇನೋ ಇತ್ತು. ಅದನ್ನು ನೋಡಿಕೊಳ್ಳುವವಳು ರೆಜ್‌ನ ಸೊಸೆ. ಆವಿಗೆ ಕಾಯುವ ಮೊದಲೇ ಸುದ್ದಿ ಕಾದಿರುತ್ತಿತ್ತು. ಕೊನೆಗೆ ಕ್ಲೆಮ್ ತನ್ನ ಅಡುಗೆಮನೆಯ ಒಲೆಯಲ್ಲೇ, ರಾತ್ರಿಯೂಟದ ಆಲೂಗಡ್ಡೆ ಪೈ ಪಕ್ಕದಲ್ಲಿ, ಉರಿ ಎಷ್ಟು ಏರುತ್ತದೋ ಅಷ್ಟು ಏರಿಸಿ ತಟ್ಟೆಯಿಟ್ಟ. ಪೈ ಇದ್ದಿಲಾಯಿತು. ತಟ್ಟೆ ಹೊಳೆಯಿತು. ಉಗುರಿನಿಂದ ಕೆರೆದು ನೋಡಿದ, ಸಿಂಹ ಜಗ್ಗಲಿಲ್ಲ. ಲೋಕದ ಅತ್ಯಂತ ಚಿಕ್ಕ ಕಾರ್ಖಾನೆ, ಅತ್ಯಂತ ಶ್ರೇಷ್ಠ ಮಾಲು ಎಂದುಕೊಂಡು ಅವನು ಆ ಇದ್ದಿಲನ್ನೇ ತಿಂದು ಖುಷಿಯಾಗಿ ಮಲಗಿದ.

ಶನಿವಾರ ಅವನು ಟೈ ಕಟ್ಟಿಕೊಂಡು ಬಂದ. ಎದೆಗೆ ಅವಚಿಕೊಂಡ ಪೊಟ್ಟಣ ಬಿಚ್ಚುತ್ತಲೇ ಮಾತು ಶುರು.

“ಇದು ಸಾಮಾನ್ಯ ತಟ್ಟೆ ಅಲ್ಲ. ಯಾವ್ದೋ ದೇಶದ ರಾಜ, ಹೆಸರು ಹೇಳಬಾರದು ಅಂತ ಮಾತು ಕೊಟ್ಟಿದೀನಿ, ಇದೇ ಥರದ ಐನೂರು ತಟ್ಟೆಗೆ ಹೇಳಿದ್ದ. ಊಟ ಮುಗಿಸಿ ಎಲ್ಲಾದನ್ನೂ ನೆಕ್ಕಿಬಿಟ್ಟನಂತೆ. ತೊಳೆಯೋ ಕೆಲಸದೋರು ನಾಲ್ಕು ಜನ ಕೆಲಸ ಕಳ್ಕೊಂಡ್ರು.”

“ರಾಜ ನೆಕ್ಕಿದ್ದಾ ಇದು?” ರೆಜ್ ಮೂಗು ಹತ್ತಿರ ತಂದ. “ಆಲೂಗಡ್ಡೆ ವಾಸನೆ ಬರ್ತಿದೆ.”

“ರಾಜರೂ ಆಲೂಗಡ್ಡೆ ತಿಂತಾರೆ ಕಣೋ.”

ಐವಿ ಕೈ ಚಾಚಿದಳು. ತಟ್ಟೆಯನ್ನು ಐದು ಬೆರಳ ಮೇಲೆ ಕೂರಿಸಿ, ಉಗುರಿನಿಂದ ತಟ್ಟಿ, ದನಿ ಕೇಳಿದಳು. ಮಗುಚಿದಳು. ಕಿರೀಟ ನೋಡಿದಳು, ಸಿಂಹ ನೋಡಿದಳು, ಸಿಂಹದ ಬಾಲವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಹೆಬ್ಬೆರಳನ್ನು ತನ್ನ ಬಿಸಿ ಚಹಾದಲ್ಲಿ ಅದ್ದಿ ಮುದ್ರೆಯ ಮೇಲೆ ಮೆಲ್ಲಗೆ ಉಜ್ಜಿದಳು.

ಸಿಂಹದ ತಲೆ ಅವಳ ಹೆಬ್ಬೆರಳಿಗೆ ಬಂತು.

ರೆಜ್ ನಕ್ಕ ನಗುವಿಗೆ ಗೋಡೆಯ ಮೇಲಿನ ತಟ್ಟೆಗಳೆಲ್ಲ ಗಲಗಲಿಸಿದವು. “ಅಯ್ಯಯ್ಯೋ, ರಾಜ ಇನ್ನೊಂದ್ ಸಲ ನೆಕ್ಕಿದ್ರೆ ಕಾರ್ಖಾನೆನೇ ಹೋಗ್ತಿತ್ತಲ್ಲೋ!”

ಕ್ಲೆಮ್ ತಟ್ಟೆಯನ್ನು ಮತ್ತೆ ಕಾಗದಕ್ಕೆ ಸುತ್ತತೊಡಗಿದ.

“ಪೈ ಬಟ್ಟಲು ಹಾಕ್ಕೊಳ್ಳಿ,” ಎಂದ. “ಲವಟ್ ಒಳ್ಳೆಯೋನು.”

“ಕೂತ್ಕೋ,” ಎಂದಳು ಐವಿ. ಅವಳೊಬ್ಬಳು ನಕ್ಕಿರಲಿಲ್ಲ. “ಡಾಟ್, ಹಿತ್ತಲಲ್ಲಿ ಇದೆಯಲ್ಲ ಅದನ್ನ ಬಿಚ್ಕೊಂಡು ಬಾ.”

“ಬಿಚ್ಚಿ ತೊಳ್ದಿಟ್ಟಿದೀನಿ ಆಗ್ಲೇ,” ಎನ್ನುತ್ತ ಡಾಟ್ ಕೌಂಟರಿನ ಕೆಳಗಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು.

ಒಂದು ಮೊಳದುದ್ದದ ಹಿತ್ತಾಳೆಯ ಸರಪಳಿ. ಅದರ ತುದಿಗೆ ಕೋಳಿಮೊಟ್ಟೆಗಿಂತ ತುಸು ಉದ್ದನೆಯ, ಹಾಲಿನಂಥ ಬಿಳಿ ಪಿಂಗಾಣಿಯ ಹಿಡಿ. ಹಿಡಿಯ ಸುತ್ತ ನೀಲಿ ಅಕ್ಷರಗಳು: ಹ್ಯಾರಪ್, ಬರ್ಸ್ಲಮ್. ಐವಿ ಹೆಬ್ಬೆರಳನ್ನು ಮತ್ತೆ ಚಹಾದಲ್ಲಿ ಅದ್ದಿ, ಆ ಅಕ್ಷರಗಳನ್ನು ಗಟ್ಟಿಯಾಗಿ ತಿಕ್ಕಿದಳು. ಒಂದು ಚುಕ್ಕೆಯೂ ಕದಲಲಿಲ್ಲ.

ಕ್ಲೆಮ್ ಆ ಹಿಡಿಯನ್ನು ನೋಡಿದ. ಹಳೆಯ ಸ್ನೇಹಿತ ಜೈಲಿನಿಂದ ಬಿಡುಗಡೆಯಾಗಿ ನೇರ ಮನೆಗೇ ಬಂದುಬಿಟ್ಟ ಹಾಗಿತ್ತು.

“ಎಷ್ಟು ದಿನದಿಂದ ಗೊತ್ತು?” ಎಂದು ಕೇಳಿದ.

“ಎಷ್ಟು ದಿನ ಅಂದ್ರೆ?” ಐವಿಗೆ ಈಗ ನಗು ಬಂತು. “ಈ ಊರಿನೋರು ಗ್ರೇವಿ ಇರೋ ತಟ್ಟೆನೇ ಬಿಡದೆ ಮಗುಚಿ ಓದ್ತೀವಿ. ದಿನಾ ಬೆಳಿಗ್ಗೆ ಕಣ್ಣೆದುರಿಗೇ ನೇತಾಡೋ ಹೆಸರನ್ನ ಓದಲ್ವೇನೋ? ನಾನು ಅಕ್ಷರ ಕಲ್ತಿದ್ದೇ ಅದರಲ್ಲಿ. ಶಾಲೆಗೆ ಹೋಗೋ ಮುಂಚೆನೇ ನನಗೆ ‘ಹ್ಯಾರಪ್’ ಬರೆಯೋಕೆ ಬರ್ತಿತ್ತು. ಟೀಚರ್ರು ನಮ್ಮಪ್ಪನ ಹೆಸರು ಅಂದ್ಕೊಂಡಿದ್ರು.”

“ನಮ್ಮನೇಲೂ ಅದೇ,” ಎಂದ ರೆಜ್, ಕಣ್ಣೊರೆಸಿಕೊಳ್ಳುತ್ತ. “ಬೀದಿಗೆ ಬೀದಿನೇ ಅದೇ.”

“ಹಂಗಾದ್ರೆ ಇಷ್ಟು ವರ್ಷ ಸುಮ್ನೆ ಕೇಳ್ಕೊಂಡು ಕೂತಿದ್ರಾ?”

“ನಿನ್ ತಟ್ಟೆ ಎಲ್ಲೆಲ್ಲಿಗೆ ಹಾರುತ್ತೋ ನೋಡೋಣ ಅಂತ,” ಎಂದಳು ಡಾಟ್. “ಬಿಟ್ಟಿ ಮನರಂಜನೆ. ಟಿವಿ ತೆಗೆಸಿಬಿಟ್ಟೆ ನಾನು.”

ಐವಿ ಸರಪಳಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನ್ ನಿಯಮದಲ್ಲಿ ತಟ್ಟೆ ಅನ್ನೋ ಮಾತೇ ಇರ್ಲಿಲ್ಲ ಕ್ಲೆಮ್. ಆ ಕಾರ್ಖಾನೆಲೇ ಮಾಡಿದ್ದಾಗಿರ್ಬೇಕು, ಹೆಸರಿರ್ಬೇಕು ಅಷ್ಟೇ. ನೀನೇ ತರ್ತೀಯ ಅಂತ ಕಾದೆ. ನೀನ್ ನೋಡಿದ್ರೆ ಕುರಿ ಬರ್ಕೊಂಡ್ ಬಂದೆ.”

“ಸಿಂಹ ಅದು.”

“ಆಯ್ತು, ಸಿಂಹ. ಈಗ ಬಾಯಿ ಬಿಡು. ಹ್ಯಾರಪ್‌ನಲ್ಲಿ ಏನ್ ಮಾಡ್ತಿದ್ರಿ? ಗೋಡೆ ಮೇಲೆ ಹೋಗೋ ಮುಂಚೆ ಒಂದ್ ಸಲ ನಿನ್ ಬಾಯಿಂದ ಕೇಳ್ಬೇಕು.”

ಕ್ಲೆಮ್ ಟೈ ಸಡಿಲಿಸಿದ.

“ಕಕ್ಕಸಿನ ಬೇಸಿನ್ನು,” ಎಂದ.

“ಕೇಳಿಸ್ಲಿಲ್ಲ,” ಎಂದ ರೆಜ್.

“ಕಕ್ಕಸಿನ ಬೇಸಿನ್ನು ಕಣೋ! ಕಕ್ಕಸಿನ ಬೇಸಿನ್ನು, ಅದರ ಮೇಲಿನ ನೀರಿನ ತೊಟ್ಟಿ, ನೀರ್ ಬಿಡೋಕೆ ಎಳೆಯೋ ಸರಪಳಿ ಹಿಡಿ! ಅಚ್ಚಿಗೆ ಹಾಲಿನಂಗೆ ಕಲಸಿದ ಜೇಡಿಮಣ್ಣು ಹುಯ್ಯೋದು, ಗಟ್ಟಿ ಆದ್ಮೇಲೆ ಬಿಚ್ಚೋದು, ಕೂಡಿದ ಗೆರೆನ ಒದ್ದೆ ಸ್ಪಂಜಲ್ಲಿ ಒರೆಸೋದು. ಜೀವಮಾನ ಪೂರ್ತಿ ಅದನ್ನೇ ಮಾಡ್ದೆ.” ಒಂದು ಸಲ ಬಾಯಿ ತೆರೆದ ಮೇಲೆ ನಿಲ್ಲಿಸುವುದು ಅವನಿಗೆ ಗೊತ್ತಿರಲಿಲ್ಲ. “ನನ್ ಹೆಂಡ್ತಿ ಈಡಿಯ ಅಮ್ಮ, ಮದುವೆಗೆ ಮುಂಚೆ, ಏನಪ್ಪಾ ಕೆಲಸ ಅಂತ ಕೇಳಿದ್ಳು. ಅವರ ಮನೇಲಿ ಎಲ್ರೂ ಕಪ್ಪಿಗೆ ಹೂವು ಬರೆಯೋರು. ಊಟದ ಸೆಟ್ಟು ಅಂದ್ಬಿಟ್ಟೆ. ಒಂದ್ ಸಲ ಅಂದ್ಮೇಲೆ ಎಲ್ಲಿ ವಾಪಸ್ ತಗೊಳ್ಳೋದು? ನೀವು ಚಿನ್ನದ ಕೈಯವರು ಬಸ್ಸಲ್ಲಿ ನಮ್ಮ ಪಕ್ಕ ಕೂರ್ತಾನೂ ಇರ್ಲಿಲ್ಲ ಐವಿ.”

“ಕೂರ್ತಿರ್ಲಿಲ್ಲ, ನಿಜ. ನಿಮ್ಮ ಪ್ಯಾಂಟಿನ ತುಂಬ ಜೇಡಿ. ನನಗಿದ್ದಿದ್ದು ಒಂದೇ ಕೋಟು.” ಅವಳು ತಟ್ಟೆಗಳ ಬಿಳಿ ಬೆನ್ನುಗಳ ಕಡೆ ಕೈ ತೋರಿಸಿದಳು. “ನಾನು ಚಿನ್ನ ಬಳಿದ ಕಪ್ಪುಗಳನ್ನ ಜನ ಬೀರುನಲ್ಲಿಟ್ಟು ಬೀಗ ಹಾಕಿದ್ರು. ನಿನ್ನದನ್ನ ಮಾತ್ರ ಯಾರೂ ಬೀರುಗೆ ಸೇರಿಸ್ಲಿಲ್ಲ ನೋಡು.”

“ಸೇರಿಸೋಕಾಗ್ತಿತ್ತಾ?” ಎಂದ ರೆಜ್. ಈಗ ಕ್ಲೆಮ್ ಕೂಡ ನಕ್ಕುಬಿಟ್ಟ.

ಡಾಟ್ ಕುರ್ಚಿ ಎಳೆದುಕೊಟ್ಟಳು. ಕ್ಲೆಮ್ ಅದರ ಮೇಲೆ ಹತ್ತಲು ಹೋದ. ಮೂವರೂ ಸೇರಿ ಇಳಿಸಿದರು. ಕೊನೆಗೆ ಡಾಟ್‌ಳೇ ಹತ್ತಿ, ಕಡೆಯ ಮೊಳೆಗೆ ಸರಪಳಿಯ ಕೊಂಡಿ ಸಿಕ್ಕಿಸಿದಳು. ಆ ಮೊಳೆಯಿಂದ ತಟ್ಟೆ ಆಗಾಗ ಜಾರುತ್ತಿತ್ತೆಂದು ಅದನ್ನು ಖಾಲಿ ಬಿಟ್ಟಿದ್ದರು. ಸರಪಳಿ ಅದರಲ್ಲಿ ಹುಟ್ಟಿದ ಹಾಗೆ ಕೂತಿತು. ಬಿಳಿ ಹಿಡಿ ಮೆಲ್ಲಗೆ ತೂಗಿ, ‘ಹ್ಯಾರಪ್’ ಎಂಬುದು ಅಂಗಡಿಯ ಕಡೆಗೆ ತಿರುಗುವಂತೆ ನಿಂತಿತು. ರೆಜ್ ಎದ್ದು ಹೋಗಿ ಒಂದು ಸಲ ಎಳೆದು, ತಲೆಯೆತ್ತಿ ಕಾದ.

“ನೀರ್ ಬರ್ಲಿಲ್ಲ.”

“ತೊಟ್ಟಿ ತುಂಬೋಕೆ ಟೈಮ್ ಬೇಕು ಕಣೋ,” ಎಂದ ಕ್ಲೆಮ್. ಎಲ್ಲರಿಗೂ ಒಂದೊಂದು ಓಟ್‌ಕೇಕು ಬಿಸಿಬಿಸಿಯಾಗಿ ಬಂತು. ಆ ಮುದ್ರೆ ಕಳೆದುಕೊಂಡ ತಟ್ಟೆಯ ಮೇಲೇ ಅವನಿಗೆ ಬಡಿಸಿದಳು ಡಾಟ್. ತೊಳೆಯದೆ ಬಿಡಲಿಲ್ಲ, ಉಳಿದ ಸಿಂಹವೂ ಹೋಯಿತು. ಅವನು ತಿನ್ನುತ್ತ ತಿನ್ನುತ್ತ ಗೋಡೆಯನ್ನು ನೋಡಿದ, ಮತ್ತೆ ತಿಂದ, ಮತ್ತೆ ನೋಡಿದ. ವಾಲ್ಟ್, ಹೊರೇಸ್, ಬೂತ್ರಾಯ್ಡನ ಈರುಳ್ಳಿ, ಎಲ್ಲರೂ ಆ ಪುಟ್ಟ ಹಿಡಿಗೆ ಜೋತುಬಿದ್ದು ಒಳಗೆ ಬಂದಿದ್ದ ಹಾಗಿತ್ತು.

“ಅಂದ್ರೆ ಆ ತಟ್ಟೆ ವೇಲ್ಸಿಗೆ ಹಾರ್ಲಿಲ್ಲ?” ರೆಜ್ ಬಾಯಿ ತುಂಬ ಚೀಸ್ ಇಟ್ಟುಕೊಂಡು ಕೇಳಿದ.

“ಹಾರ್ಲಿಲ್ಲ.”

“ಗುಬ್ಬಿ ಮೊಟ್ಟೆ?”

“ಅದೂ ಇಲ್ಲ. ನಾವು ಮಾಡಿದ್ದು ಯಾವ್ದೂ ಹಾರೋ ಅಂಥದ್ದಲ್ಲ ಕಣೋ. ಎಂಥಾ ಭಾರ ಅಂತೀಯ! ಒಂದೊಂದು ಬೇಸಿನ್ ಎತ್ತೋಕೆ ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರು ಬೇಕಾಗ್ತಿತ್ತು.”

ಐವಿ ಕಪ್ಪು ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. “ನಾಲ್ಕು ಜನ?”

“ಇಬ್ಬರು,” ಎಂದ ಕ್ಲೆಮ್.

ಐವಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

“ಒಬ್ಬನೇ ಸಾಕಾಗ್ತಿತ್ತು,” ಎಂದ ಅವನು. “ನಾನೇ ಎತ್ತುತ್ತಿದ್ದೆ.”